ಹತ್ತಿರದ ಚಿತ್ರಕ್ಕೆ ಮೊದಲ ಖರ್ಚು ಯಾವುದರ ಮೇಲೆ?

ಕ್ಯಾಮೆರಾ ಹೊಸದಾಗಿ ಕೊಂಡವರಲ್ಲಿ ಬಹಳ ಮಂದಿಗೆ, ಮನೆಯವರ ಚಿತ್ರ, ಪ್ರವಾಸದ ಚಿತ್ರ ಎಲ್ಲ ಮುಗಿದ ಮೇಲೆ, ಕಣ್ಣು ಹಿತ್ತಲಿನ ಕಡೆ ಹೊರಳುತ್ತದೆ. ದಾಸವಾಳದ ಎಲೆಯಡಿ ಕೂತ ಜೇಡ, ಕರಿಬೇವಿನ ಗಿಡ ಮೇಯುವ ಚಿಟ್ಟೆಯ ಮರಿಹುಳ, ತುಂಬೆ ಹೂವಿಗೆ ಬಾಯಿಟ್ಟ ಜೇನ್ನೊಣ ಇವೆಲ್ಲ ಬರಿಗಣ್ಣಿಗೆ ಕಂಡದ್ದಕ್ಕಿಂತ ದೊಡ್ಡದಾಗಿ ಚಿತ್ರದಲ್ಲಿ ಮೂಡಬೇಕೆಂಬ ಆಸೆ ಹುಟ್ಟುತ್ತದೆ. ಯಾವ ಲೆನ್ಸ್ ಕೊಳ್ಳಲಿ ಎಂದು ಅವರು ಯಾರನ್ನು ಕೇಳಿದರೂ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ಮ್ಯಾಕ್ರೋ ಲೆನ್ಸ್ ತೆಗೆದುಕೊಳ್ಳಿ, ಹಣ ಸಾಲದಿದ್ದರೆ ಅದರಲ್ಲೇ ಅಗ್ಗದ್ದನ್ನು ಹುಡುಕಿ. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಮ್ಯಾಕ್ರೋ ಲೆನ್ಸಿನ ಗುಣದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಇರುವ ಹಣವೇ ಕಡಿಮೆಯಾಗಿರುವಾಗ ಅದಷ್ಟನ್ನೂ ಒಂದು ಲೆನ್ಸಿಗೆ ಸುರಿಯುವುದು ತಪ್ಪು ಲೆಕ್ಕ. ಹೊಸಬರು ತೆಗೆದ ಹತ್ತಿರದ ಚಿತ್ರಗಳು ಕೆಡುವುದಕ್ಕೆ ವರ್ಧನೆಯ ಕೊರತೆ ಕಾರಣವಾಗುವುದು ಅಪರೂಪ. ಹುಳಕ್ಕೂ ಲೆನ್ಸಿಗೂ ನಡುವೆ ಜಾಗ ಸಾಲದೆ, ಬೆಳಕು ಸಾಲದೆ ಅವು ಕೆಡುತ್ತವೆ. ಆದ್ದರಿಂದ ಈಗಾಗಲೇ ಮನೆಯಲ್ಲಿರುವ ಟೆಲಿ ಝೂಮ್‌ನ ಮುಂದೆ ಹಾಕಿಕೊಳ್ಳುವ ಒಳ್ಳೆಯ ಕ್ಲೋಸ್‌ಅಪ್ ಲೆನ್ಸ್ ಒಂದನ್ನು ಕೊಂಡು, ಉಳಿದ ಹಣವನ್ನು ಫ್ಲ್ಯಾಶ್ ಮತ್ತು ಡಿಫ್ಯೂಸರಿಗೆ ಇಡುವುದೇ ಲೇಸು ಎಂಬುದು ನನ್ನ ವಾದ.

ಮೊದಲು ಅಳತೆಯ ವಿಷಯ ಇತ್ಯರ್ಥವಾಗಬೇಕು, ಯಾಕೆಂದರೆ ಕೊಳ್ಳುವವರ ಗೊಂದಲ ಶುರುವಾಗುವುದೇ ಅಲ್ಲಿ. ವರ್ಧನೆ ಎಂದರೆ ವಸ್ತುವಿನ ನಿಜವಾದ ಗಾತ್ರಕ್ಕೂ ಸೆನ್ಸರಿನ ಮೇಲೆ ಬೀಳುವ ಅದರ ಬಿಂಬಕ್ಕೂ ಇರುವ ಪ್ರಮಾಣ. 1:1 ಎಂದು ಲೆನ್ಸಿನ ಮೇಲೆ ಬರೆದಿದ್ದರೆ, 10 ಮಿ.ಮೀ. ಉದ್ದದ ಇರುವೆಯ ಬಿಂಬ ಸೆನ್ಸರಿನ ಮೇಲೂ 10 ಮಿ.ಮೀ. ಇರುತ್ತದೆ. ಹೊಸಬರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾ. ಅದರ ಅಗಲ ನಿಕಾನ್ ಮತ್ತು ಸೋನಿಯಲ್ಲಿ ಸುಮಾರು 23.5 ಮಿ.ಮೀ., ಕ್ಯಾನನ್‌ನಲ್ಲಿ 22.3 ಮಿ.ಮೀ. ನಮ್ಮ ಹತ್ತು ರೂಪಾಯಿ ನಾಣ್ಯದ ವ್ಯಾಸ 27 ಮಿ.ಮೀ. ಅಂದರೆ 1:1ರಲ್ಲಿ ಆ ನಾಣ್ಯ ಚೌಕಟ್ಟಿನೊಳಗೆ ಇಡಿಯಾಗಿ ಹಿಡಿಯುವುದೇ ಇಲ್ಲ. ಇಷ್ಟು ತಿಳಿದ ಮೇಲೆ ನಾವು ತೆಗೆಯಲು ಹೊರಟ ಜೀವಿಗಳನ್ನು ಅಳೆದು ನೋಡಿದರೆ ಲೆಕ್ಕ ಬೇರೆಯೇ ಆಗುತ್ತದೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ರೆಕ್ಕೆ ಹರಡಿದರೆ 140ರಿಂದ 190 ಮಿ.ಮೀ.; ಅದು ಚೌಕಟ್ಟು ತುಂಬಲು 1:6ರಷ್ಟು ವರ್ಧನೆ ಸಾಕು, ಹೆಚ್ಚಾದರೆ ರೆಕ್ಕೆಯ ತುದಿ ಹೊರಗೆ ಹೋಗುತ್ತದೆ. ಭಾರತದ ಅತಿ ಚಿಕ್ಕ ಚಿಟ್ಟೆಗಳಲ್ಲಿ ಒಂದಾದ ಗ್ರಾಸ್ ಜ್ಯುವೆಲ್ ಕೂಡ ರೆಕ್ಕೆ ಬಿಚ್ಚಿದಾಗ 15ರಿಂದ 22 ಮಿ.ಮೀ. ಇರುತ್ತದೆ. ನೆಲಕ್ಕಂಟಿ ಬೆಳೆವ ಹುಲ್ಲುಗಿಡಗಳ ನಡುವೆ ಹುಡುಕಿದರಷ್ಟೇ ಸಿಗುವ ಇಂಥ ಪುಟ್ಟ ಚಿಟ್ಟೆಗೂ 1:1 ಎನ್ನುವುದು ಕೊನೆಯ ಮಿತಿಯೇ ಹೊರತು ದಿನದ ಅಗತ್ಯವಲ್ಲ. ಹೂವು, ಚಿಟ್ಟೆ, ಏರೋಪ್ಲೇನ್ ಚಿಟ್ಟೆ, ಮಿಡತೆ, ಕಪ್ಪೆ, ಅಣಬೆ ಇವುಗಳಲ್ಲಿ ಹೆಚ್ಚಿನವನ್ನು 1:4ರಿಂದ 1:2ರ ನಡುವೆ ಚೆನ್ನಾಗಿ ಹಿಡಿಯಬಹುದು.

ಈ ವ್ಯಾಪ್ತಿಯ ದೊಡ್ಡ ಪಾಲು ಕ್ಯಾಮೆರಾದ ಜೊತೆಗೇ ಬರುವ ಕಿಟ್ ಲೆನ್ಸಿನಲ್ಲಿ ಇದೆ ಎಂಬುದನ್ನು ಅಂಗಡಿಯವರು ಹೇಳುವುದು ಕಡಿಮೆ. ನಿಕಾನ್‌ನ ಎಎಫ್-ಪಿ 18-55 ಲೆನ್ಸ್ 25 ಸೆಂ.ಮೀ. ದೂರದಲ್ಲಿ 0.38ರಷ್ಟು ವರ್ಧನೆ ಕೊಡುತ್ತದೆ. ಕ್ಯಾನನ್‌ನ 18-55 ಎಸ್‌ಟಿಎಂ ಲೆನ್ಸುಗಳಲ್ಲಿ ಎಫ್3.5ರಿಂದ ಶುರುವಾಗುವ ಮಾದರಿ 0.36 ಕೊಡುತ್ತದೆ. ಎರಡರಲ್ಲೂ ಚೌಕಟ್ಟಿನ ಅಗಲಕ್ಕೆ ಸಿಗುವುದು ಸುಮಾರು 62 ಮಿ.ಮೀ. ಯಾರ ಮಾತನ್ನೂ ನಂಬದೆ ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಶಾಲೆಯ ಅಡಿಪಟ್ಟಿಯನ್ನು ಮೇಜಿನ ಮೇಲಿಟ್ಟು, ಲೆನ್ಸನ್ನು 55ಕ್ಕೆ ತಿರುಗಿಸಿ, ಫೋಕಸ್ಸನ್ನು ಅತಿ ಹತ್ತಿರಕ್ಕೆ ತಂದು, ಕ್ಯಾಮೆರಾವನ್ನೇ ಹಿಂದೆ ಮುಂದೆ ಸರಿಸುತ್ತ ಗೆರೆಗಳು ಸ್ಪಷ್ಟವಾದಾಗ ಕ್ಲಿಕ್ಕಿಸಿ, ಚಿತ್ರದ ಎಡತುದಿಯಿಂದ ಬಲತುದಿಗೆ ಎಷ್ಟು ಮಿಲಿಮೀಟರ್ ಕಾಣುತ್ತದೆಂದು ಎಣಿಸಿದರಾಯಿತು. ಸೆನ್ಸರಿನ ಅಗಲವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ನಿಮ್ಮ ಲೆನ್ಸಿನ ನಿಜವಾದ ವರ್ಧನೆ ಸಿಗುತ್ತದೆ. ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. 24 ಮೆಗಾಪಿಕ್ಸೆಲ್ ಚಿತ್ರದ ಅಗಲ 6000 ಪಿಕ್ಸೆಲ್. ಅದರ ಮಧ್ಯದ ಮೂರನೇ ಒಂದು ಭಾಗವನ್ನಷ್ಟೇ ಉಳಿಸಿಕೊಂಡರೂ 2000 ಪಿಕ್ಸೆಲ್ ಸಿಗುತ್ತದೆ. ಆರಿಂಚು ಅಗಲದ ಫೋಟೊ ಪ್ರಿಂಟಿಗೆ ಇಂಚಿಗೆ 300ರಂತೆ 1800 ಪಿಕ್ಸೆಲ್ ಸಾಕು. ಸಾಮಾನ್ಯ ಕಂಪ್ಯೂಟರ್ ಪರದೆಯ ಅಗಲ 1920. ಹಾಗೆ ಕತ್ತರಿಸಿ ಉಳಿದ ಚಿತ್ರದಲ್ಲಿ ಕಾಣುವುದು ಸುಮಾರು 21 ಮಿ.ಮೀ. ಅಗಲದ ಜಾಗ, ಅಂದರೆ 1:1 ಲೆನ್ಸ್ ತೋರಿಸುವುದಕ್ಕಿಂತ ತುಸು ಬಿಗಿಯಾದ ನೋಟ. ಕತ್ತರಿಸಿದ ಚಿತ್ರ 1:1ರಲ್ಲಿ ತೆಗೆದದ್ದಕ್ಕೆ ಸಮ ಎಂದು ನಾನು ಹೇಳುತ್ತಿಲ್ಲ. ಕೂದಲು, ಪೊರೆ, ಕಣ್ಣಿನ ಸೂಕ್ಷ್ಮಗಳು ಅದರಲ್ಲಿ ಕಳೆದುಹೋಗುತ್ತವೆ. ಆದರೆ ಗೋಡೆಗೆ ತೂಗುಹಾಕುವ ದೊಡ್ಡ ಪ್ರಿಂಟಿನ ಯೋಚನೆ ಇನ್ನೂ ಇರದವರು, ವರ್ಧನೆಯ ಕೊರತೆಯೇ ತಮ್ಮನ್ನು ಹಿಡಿದು ನಿಲ್ಲಿಸಿದೆ ಎಂದು ಭಾವಿಸಿ ಸಾಲ ಮಾಡುವ ಮೊದಲು ಈ ಲೆಕ್ಕವನ್ನು ಮಾಡಿ ನೋಡಬೇಕು.

ನಿಜವಾದ ಅಡಚಣೆ ಅಂತರದ್ದು. ಅಗ್ಗದ ಮ್ಯಾಕ್ರೋ ಲೆನ್ಸ್ ಹುಡುಕುವವರು ಮೋಸಹೋಗುವುದೂ ಇಲ್ಲಿಯೇ, ಯಾಕೆಂದರೆ ಅಗ್ಗದ ಮ್ಯಾಕ್ರೋಗಳಲ್ಲಿ ಬಹುಪಾಲು 35, 40, 50 ಮಿ.ಮೀ.ಗಳ ಗಿಡ್ಡ ಲೆನ್ಸುಗಳು. 2011ರಲ್ಲಿ ಬಂದ ನಿಕಾನ್‌ನ 40 ಮಿ.ಮೀ. ಮೈಕ್ರೋ ಲೆನ್ಸನ್ನೇ ನೋಡಿ. ಬೆಲೆಯಲ್ಲಿ ಹಗುರ, ಗುಣದಲ್ಲಿ ಬಹಳ ಒಳ್ಳೆಯದು, 1:1 ಕೊಡುತ್ತದೆ. ಅದರ ಅತಿ ಹತ್ತಿರದ ಫೋಕಸ್ ದೂರ 16.3 ಸೆಂ.ಮೀ. ಎಂದು ಬರೆದಿರುತ್ತದೆ. ಒಂದು ಗೇಣಿಗೆ ಸ್ವಲ್ಪ ಕಡಿಮೆ, ಪರವಾಗಿಲ್ಲ ಎಂದುಕೊಂಡು ಕೊಳ್ಳುತ್ತಾರೆ. ಆದರೆ ಆ ದೂರವನ್ನು ಅಳೆಯುವುದು ಲೆನ್ಸಿನ ಮೂತಿಯಿಂದಲ್ಲ, ಕ್ಯಾಮೆರಾದೊಳಗಿನ ಸೆನ್ಸರಿನಿಂದ. ಸೆನ್ಸರಿನಿಂದ ಲೆನ್ಸ್ ಕೂರುವ ಉಂಗುರಕ್ಕೆ ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಿ 46.5 ಮಿ.ಮೀ. ಹೋಯಿತು, ಲೆನ್ಸಿನ ಒಡಲು ಸುಮಾರು ಆರೂವರೆ ಸೆಂ.ಮೀ.; ಹತ್ತಿರಕ್ಕೆ ಫೋಕಸ್ ಮಾಡುವಾಗ ಅದರ ಮೂತಿ ಇನ್ನಷ್ಟು ಮುಂದೆ ಬರುತ್ತದೆ. ಉಳಿಯುವುದು ಮೂರೂವರೆ ಸೆಂಟಿಮೀಟರಿನ ಆಸುಪಾಸು. ಆ ಎರಡು ಬೆರಳಿನ ಸಂದಿನಲ್ಲಿ ಲೆನ್ಸಿನ ನೆರಳೇ ಹುಳದ ಮೇಲೆ ಬೀಳುತ್ತದೆ, ಪಕ್ಕದಿಂದ ಬೆಳಕು ಒಳಗೆ ಬರಲು ದಾರಿಯಿರುವುದಿಲ್ಲ, ಹುಲ್ಲಿನ ಎಸಳೊಂದು ತಗುಲಿದರೂ ಎಲೆ ಅಲ್ಲಾಡುತ್ತದೆ. ಹುಳವಂತೂ ಅಷ್ಟರೊಳಗೆ ಹೋಗಿರುತ್ತದೆ. ಅದೇ 1:1 ವರ್ಧನೆಗೆ 90ರಿಂದ 105 ಮಿ.ಮೀ.ಗಳ ಮ್ಯಾಕ್ರೋ ಲೆನ್ಸುಗಳಲ್ಲಿ ಮೂತಿಯಿಂದ ಹುಳಕ್ಕೆ ಸಾಮಾನ್ಯವಾಗಿ 13-15 ಸೆಂ.ಮೀ. ಸಿಗುತ್ತದೆ. ಪೆಟ್ಟಿಗೆಯ ಮೇಲೆ ಎರಡರಲ್ಲೂ ಬರೆದಿರುವುದು ಒಂದೇ ಪ್ರಮಾಣ. ಗಿಡದ ಮುಂದೆ ಕೂತಾಗ ಎರಡೂ ಬೇರೆ ಬೇರೆ ಸಾಮಾನುಗಳು.

ಅಂತರವನ್ನು ಬರೀ ಅನುಕೂಲದ ಮಾತೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಲೆನ್ಸನ್ನು ಮೂತಿಯ ಬಳಿಗೆ ಒಯ್ದಾಗಲೆಲ್ಲ ಹುಳ ಓಡಿಹೋಗುತ್ತಿದ್ದರೆ, ಅದನ್ನು ಓಡದಂತೆ ಮಾಡುವ ಉಪಾಯಗಳ ಕಡೆಗೆ ಮನಸ್ಸು ಹೋಗುತ್ತದೆ. ಹಿಡಿದು ತಂದು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸುವುದು, ಕಡ್ಡಿಗೆ ಅಂಟಿಸುವುದು, ಕೊಂದೇ ಜೋಡಿಸಿ ಕೂರಿಸುವುದು, ಇವೆಲ್ಲ ಹತ್ತಿರದ ಛಾಯಾಗ್ರಹಣದ ಜೊತೆಗೆ ಬೆಳೆದುಬಂದ ಕೆಟ್ಟ ಚಾಳಿಗಳು. ಬದುಕಿರುವ ಜೀವಿ ತನ್ನ ಕೆಲಸದಲ್ಲಿ ತಾನಿರುವಾಗ ತೆಗೆದ ಚಿತ್ರಕ್ಕೂ, ಮರಗಟ್ಟಿದ ಜೀವಿಯ ಚಿತ್ರಕ್ಕೂ ಇರುವ ವ್ಯತ್ಯಾಸ ನೋಡುವ ಕಣ್ಣಿಗೆ ಕೂಡಲೇ ತಿಳಿಯುತ್ತದೆ. ಮಲೆನಾಡಿನಲ್ಲಿ ಚಗಳಿ ಎಂದು ಕರೆಯುವ, ಎಲೆಗಳನ್ನು ಸೇರಿಸಿ ಹೊಲಿದು ಗೂಡು ಕಟ್ಟುವ ಕೆಂಪಿರುವೆಯನ್ನು ತೆಗೆದುಕೊಳ್ಳಿ. ಅದರ ದೊಡ್ಡ ಕೆಲಸಗಾರ ಇರುವೆ ಸುಮಾರು 8ರಿಂದ 10 ಮಿ.ಮೀ. ಇರುತ್ತದೆ. ಅದೇ ಕೊಂಬೆಯಲ್ಲಿ ಅದನ್ನೇ ಹೋಲುವ ಜೇಡವೊಂದೂ ಓಡಾಡುತ್ತಿರುತ್ತದೆ. ಬಣ್ಣ ಅದೇ, ಸೊಂಟ ಅಷ್ಟೇ ಸಣ್ಣ, ನಡಿಗೆಯೂ ಅದೇ. ಎಂಟು ಕಾಲುಗಳಲ್ಲಿ ಮುಂದಿನ ಎರಡನ್ನು ಎತ್ತಿ ಇರುವೆಯ ಮೀಸೆಯಂತೆ ಆಡಿಸುತ್ತಿರುತ್ತದೆ. ಈ ಎತ್ತಿದ ಕಾಲುಗಳು, ಹಣೆಯಲ್ಲಿ ಹೊಳೆಯುವ ಎರಡು ದೊಡ್ಡ ಕಣ್ಣುಗಳು ಚಿತ್ರದಲ್ಲಿ ಬಂದರೆ ನೋಡಿದವರಿಗೆ ಕತೆಯೆಲ್ಲ ಅರ್ಥವಾಗುತ್ತದೆ. ಅದಕ್ಕೆ ಜೇಡ ಗಾಬರಿಯಾಗದೆ ಇರುವೆಯ ವೇಷದಲ್ಲೇ ಉಳಿದಿರಬೇಕು. ಮೂರು ಬೆರಳಿನಷ್ಟು ಹತ್ತಿರಕ್ಕೆ ಗಾಜು ಬಂದರೆ ಅದು ಎಲೆಯ ಅಡಿಗೆ ಜಾರಿಬಿಡುತ್ತದೆ; ಒಂದು ಗೇಣು ದೂರದಲ್ಲಿ ಕೂತವರಿಗೆ ಅವಕಾಶವಿದೆ.

ಹಾಗಾದರೆ ಕಡಿಮೆ ಖರ್ಚಿನಲ್ಲಿ ವರ್ಧನೆ ಮತ್ತು ಅಂತರ ಎರಡನ್ನೂ ಕೊಡುವ ದಾರಿ ಯಾವುದು? ಬಳಕೆಯಲ್ಲಿರುವವು ಮೂರು. ಲೆನ್ಸನ್ನು ತಿರುಗಾಮುರುಗ ಮಾಡಿ ಕೂರಿಸುವ ರಿವರ್ಸ್ ರಿಂಗ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ವರ್ಧನೆಯನ್ನು ಧಾರಾಳವಾಗಿ ಕೊಡುತ್ತದೆ, ಆದರೆ ಲೆನ್ಸಿಗೂ ಕ್ಯಾಮೆರಾಕ್ಕೂ ವಿದ್ಯುತ್ ಸಂಪರ್ಕ ತಪ್ಪಿಹೋಗಿ ಅಪರ್ಚರ್ ಬದಲಿಸುವುದೇ ಕಷ್ಟವಾಗುತ್ತದೆ, ಲೆನ್ಸಿನ ಹಿಂಬದಿಯ ಗಾಜು ದೂಳಿಗೆ ತೆರೆದುಕೊಳ್ಳುತ್ತದೆ, ಅಂತರವೂ ಕಡಿಮೆ. ಎರಡನೆಯದು ಎಕ್ಸ್‌ಟೆನ್ಷನ್ ಟ್ಯೂಬ್, ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸೇರಿಸುವ ಟೊಳ್ಳು ಕೊಳವೆ. ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಉದ್ದದಿಂದ ಭಾಗಿಸಿದರೆ ಎಷ್ಟು ವರ್ಧನೆ ಹೆಚ್ಚುತ್ತದೆಂದು ತಿಳಿಯುತ್ತದೆ. 50 ಮಿ.ಮೀ. ಲೆನ್ಸಿಗೆ 25 ಮಿ.ಮೀ. ಟ್ಯೂಬ್ ಹಾಕಿದರೆ ಅರ್ಧದಷ್ಟು ಸೇರುತ್ತದೆ. ಅದೇ ಟ್ಯೂಬನ್ನು 250 ಮಿ.ಮೀ.ಗೆ ಹಾಕಿದರೆ ಸೇರುವುದು ಹತ್ತರಲ್ಲಿ ಒಂದು ಪಾಲು ಮಾತ್ರ. ಹೀಗಾಗಿ ಟ್ಯೂಬ್ ಚೆನ್ನಾಗಿ ಕೆಲಸ ಮಾಡುವುದು ಗಿಡ್ಡ ಲೆನ್ಸುಗಳ ಜೊತೆ. ಗಿಡ್ಡ ಲೆನ್ಸ್ ಎಂದಮೇಲೆ ಮತ್ತೆ ಹುಳದ ಮೂತಿಗೆ ಮೂತಿ ತಾಗಿಸುವ ಕಷ್ಟ. 50 ಮಿ.ಮೀ. ಎಫ್1.8 ಲೆನ್ಸ್ ಮಾತ್ರ ಇರುವವರು, ಹೂವು ಆಭರಣಗಳಂಥ ಓಡಿಹೋಗದ ವಸ್ತುಗಳನ್ನು ತೆಗೆಯುವವರು ಟ್ಯೂಬ್ ಕೊಳ್ಳಬಹುದು. ಕೊಂಡರೆ ವಿದ್ಯುತ್ ಸಂಪರ್ಕದ ಪಿನ್ನುಗಳಿರುವುದನ್ನೇ ಕೊಳ್ಳಬೇಕು.

ಮೂರನೆಯದು ಫಿಲ್ಟರಿನಂತೆ ಲೆನ್ಸಿನ ಮುಂದೆ ಕೂರುವ ಕ್ಲೋಸ್‌ಅಪ್ ಲೆನ್ಸ್. ಓದಲು ಕನ್ನಡಕ ಹಾಕಿಕೊಂಡಾಗ ಕಣ್ಣಿಗೆ ಆಗುವ ಉಪಕಾರವನ್ನೇ ಇದು ಕ್ಯಾಮೆರಾಕ್ಕೆ ಮಾಡುತ್ತದೆ. ಶಕ್ತಿಯನ್ನು ಅಳೆಯುವುದೂ ಕನ್ನಡಕದಂತೆ ಡಯಾಪ್ಟರಿನಲ್ಲಿ. ಇದರ ಹೆಸರು ಕೆಟ್ಟಿರುವುದು ಒಂದೇ ಗಾಜಿನ, ನಾಲ್ಕರ ಸೆಟ್ಟಾಗಿ ಮಾರುವ ಅಗ್ಗದ ಮಾಲಿನಿಂದ. ಆ ಗಾಜು ಬಣ್ಣಗಳನ್ನು ಬೇರೆ ಬೇರೆ ಜಾಗದಲ್ಲಿ ಫೋಕಸ್ ಮಾಡುವುದರಿಂದ ಅಂಚುಗಳಲ್ಲಿ ನೇರಳೆ, ಹಸಿರು ಗೆರೆಗಳು ಮೂಡುತ್ತವೆ, ಚಿತ್ರ ಮಸುಕಾಗುತ್ತದೆ. ಎರಡು ಅಥವಾ ಮೂರು ಗಾಜುಗಳನ್ನು ಸೇರಿಸಿ ಆ ದೋಷವನ್ನು ತಿದ್ದಿದ ಅಕ್ರೋಮ್ಯಾಟ್ ಮಾದರಿಯದು ಬೇರೆಯೇ ದರ್ಜೆ. ಜಪಾನಿನ ರೇನಾಕ್ಸ್ ಕಂಪನಿಯ ಡಿಸಿಆರ್-150 ಮತ್ತು ಡಿಸಿಆರ್-250 ಇದರಲ್ಲಿ ಹೆಸರಾದವು. ಮೊದಲನೆಯದರ ಶಕ್ತಿ 4.8 ಡಯಾಪ್ಟರ್, ಎರಡನೆಯದರದು 8. ಲೆಕ್ಕ ಸರಳವಾಗಿದೆ. ಝೂಮ್ ಲೆನ್ಸನ್ನು ಅನಂತ ದೂರಕ್ಕೆ ಫೋಕಸ್ ಮಾಡಿ ಮುಂದೆ ಇದನ್ನು ಹಾಕಿದರೆ, ಮೀಟರಿನಲ್ಲಿ ಹೇಳಿದ ಫೋಕಲ್ ಉದ್ದವನ್ನು ಡಯಾಪ್ಟರಿನಿಂದ ಗುಣಿಸಿದಷ್ಟು ವರ್ಧನೆ. 250 ಮಿ.ಮೀ. ಎಂದರೆ ಕಾಲು ಮೀಟರು, 4.8ರಿಂದ ಗುಣಿಸಿದರೆ 1.2, ಅಂದರೆ 1:1ನ್ನೂ ದಾಟಿದಂತಾಯಿತು. ಅದಕ್ಕಿಂತ ಮುಖ್ಯವಾದದ್ದು ಅಂತರ. ಒಂದನ್ನು ಡಯಾಪ್ಟರಿನಿಂದ ಭಾಗಿಸಿದರೆ ಸಿಗುವುದು ಮೀಟರಿನಲ್ಲಿ ಹುಳದಿಂದ ಗಾಜಿನವರೆಗಿನ ದೂರ: ಡಿಸಿಆರ್-150ಕ್ಕೆ ಸುಮಾರು 21 ಸೆಂ.ಮೀ., 250ಕ್ಕೆ ಹನ್ನೆರಡೂವರೆ. ಝೂಮ್ ತಿರುಗಿಸಿದರೂ ಈ ದೂರ ಹೆಚ್ಚುಕಡಿಮೆ ಹಾಗೆಯೇ ಇದ್ದು ವರ್ಧನೆ ಮಾತ್ರ ಬದಲಾಗುತ್ತದೆ. ಭಾರತದಲ್ಲಿ ಹೊಸಬರಿಗೆ ಮಾರುವ ಎರಡು ಲೆನ್ಸಿನ ಕಿಟ್‌ಗಳಲ್ಲಿ 55-250 ಅಥವಾ 70-300 ಟೆಲಿ ಝೂಮ್ ಇರುವುದು ವಾಡಿಕೆ. ಎಷ್ಟೋ ಮನೆಗಳಲ್ಲಿ ಅದು ಚೀಲದಿಂದ ಹೊರಗೇ ಬರುವುದಿಲ್ಲ. ಅದರ ಮುಂದೆ ಕೆಲವೇ ಸಾವಿರ ರೂಪಾಯಿಯ ಈ ಗಾಜನ್ನು ಸಿಕ್ಕಿಸಿದರೆ, 40 ಮಿ.ಮೀ. ಮ್ಯಾಕ್ರೋ ಲೆನ್ಸಿನ ಆರು ಪಟ್ಟು ಅಂತರದಲ್ಲಿ ಕೂತು ಅದರಷ್ಟೇ ವರ್ಧನೆ ಪಡೆಯಬಹುದು. ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಇನ್ನು ಬೆಳಕು. ಹತ್ತಿರದ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಎಷ್ಟು ಕಡಿಮೆ ಎಂಬುದು ಮೊದಲ ಸಲ ಕೇಳಿದವರಿಗೆ ನಂಬಲಾಗದು. ಎಪಿಎಸ್-ಸಿ ಕ್ಯಾಮೆರಾದಲ್ಲಿ 1:1ಕ್ಕೆ ಎಫ್11 ಇಟ್ಟರೂ ಆ ಆಳ ಒಂದು ಮಿಲಿಮೀಟರಿಗಿಂತ ಕಡಿಮೆ. ಜೇಡದ ಮುಂದಿನ ಕಣ್ಣು ಸ್ಪಷ್ಟವಾದರೆ ಹಿಂದಿನ ಕಾಲು ಮಸುಕು. 1:2ಕ್ಕೆ ಇಳಿದರೆ ಅದು ಎರಡೂವರೆ ಮಿ.ಮೀ., 1:4ರಲ್ಲಿ ಒಂಬತ್ತರ ಹತ್ತಿರ. (ಕಡಿಮೆ ವರ್ಧನೆಯಲ್ಲಿ ತೆಗೆದು ಕತ್ತರಿಸುವವರು ಒಳ್ಳೆಯ ಚಿತ್ರ ಪಡೆಯುವುದಕ್ಕೆ ಇದೂ ಒಂದು ಕಾರಣ.) ಆದ್ದರಿಂದ ಅಪರ್ಚರ್ ಕಿರಿದಾಗಿರಲೇಬೇಕು. ಅದರ ಮೇಲೆ ಮ್ಯಾಕ್ರೋ ಲೆನ್ಸಾಗಲಿ ಟ್ಯೂಬಾಗಲಿ 1:1ಕ್ಕೆ ಹೋದಾಗ ಸೆನ್ಸರಿಗೆ ಬೀಳುವ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಮೋಡವಿಲ್ಲದ ಬಿಸಿಲಿನಲ್ಲಿ ಐಎಸ್ಒ 100, ಎಫ್11ಕ್ಕೆ ಸಾಮಾನ್ಯವಾಗಿ ಸೆಕೆಂಡಿನ 200ನೇ ಒಂದು ಭಾಗ ಸಿಗುವುದಾದರೆ, 1:1ರಲ್ಲಿ ಸಿಗುವುದು 50ನೇ ಒಂದು ಭಾಗ. ನೆರಳಿಗೆ ಹೋದರೆ ಬೆಳಕು ನಾಲ್ಕು ಸ್ಟಾಪ್ ಕಡಿಮೆ, ಅಂದರೆ ನಾಲ್ಕು ಸಲ ಅರ್ಧಕ್ಕೆ ಇಳಿದಷ್ಟು; ಆಗ ಸಿಗುವುದು ಸೆಕೆಂಡಿನ ಮೂರನೇ ಒಂದು ಭಾಗ. ಐಎಸ್ಒವನ್ನು 1600ಕ್ಕೆ ಏರಿಸಿ ಮತ್ತೆ 50ಕ್ಕೆ ಬಂದೆವೆನ್ನೋಣ; ಆಗುಂಬೆಯ ಮಳೆಗಾಲದ ಕಾಡಿನ ಅಡಿಯಲ್ಲಿ ಅದೂ ದಕ್ಕುವುದಿಲ್ಲ. ಈ ವರ್ಧನೆಯಲ್ಲಿ ಕೈಯ ಸಣ್ಣ ನಡುಕ, ಎಲೆಗೆ ತಾಗಿದ ಗಾಳಿ ಎರಡೂ ಹಿಗ್ಗಿ ಕಾಣುವುದರಿಂದ 50ನೇ ಒಂದು ಭಾಗದಲ್ಲಿ ಹೊಸಬರಿಗೆ ಸ್ಪಷ್ಟ ಚಿತ್ರ ಸಿಗುವುದು ಅದೃಷ್ಟದ ಮಾತು. ದುಬಾರಿ ಲೆನ್ಸ್ ಕೊಂಡ ಮೇಲೂ ಚಿತ್ರ ಮಸುಕಾಗಿಯೇ ಬರುವುದು, ಕೊಂಡವರು ತಮ್ಮ ಕೈಯನ್ನೇ ಹಳಿದುಕೊಳ್ಳುವುದು ಹೀಗೆ.

ಈ ಸಮಸ್ಯೆಗೆ ಗಾಜಿನಲ್ಲಿ ಪರಿಹಾರವಿಲ್ಲ, ಫ್ಲ್ಯಾಶಿನಲ್ಲಿ ಇದೆ. ಕಡಿಮೆ ಶಕ್ತಿಗೆ ಇಟ್ಟ ಸಾಮಾನ್ಯ ಫ್ಲ್ಯಾಶ್ ಬೆಳಗುವುದು ಸೆಕೆಂಡಿನ ಹಲವು ಸಾವಿರದಲ್ಲೊಂದು ಭಾಗ ಮಾತ್ರ. ಚಿತ್ರದ ಬೆಳಕೆಲ್ಲ ಆ ಕ್ಷಣದಲ್ಲೇ ಬರುವುದರಿಂದ ಕೈನಡುಕವೂ ಗಾಳಿಯೂ ಅಲ್ಲಿಗೇ ನಿಂತುಬಿಡುತ್ತವೆ. ಹತ್ತಿರದಿಂದ ಬಳಸುವುದರಿಂದ ದೊಡ್ಡ ಶಕ್ತಿಯ ಫ್ಲ್ಯಾಶ್ ಬೇಕಿಲ್ಲ. ಎಲ್ಲವನ್ನೂ ಕೈಯಿಂದಲೇ ಹೊಂದಿಸುವ ಮ್ಯಾನುವಲ್ ಮಾದರಿ ಸಾಕು, ಅದರ ಬೆಲೆ ಒಂದು ಮ್ಯಾಕ್ರೋ ಲೆನ್ಸಿನ ಸಣ್ಣ ಅಂಶ. ಫ್ಲ್ಯಾಶಿನಷ್ಟೇ ಮುಖ್ಯವಾದದ್ದು ಅದರ ಮುಂದಿನ ಡಿಫ್ಯೂಸರ್. ಗುಲಗಂಜಿ ಹುಳದ ಬೆನ್ನನ್ನು ನೋಡಿ. ಅದು ಮೆರುಗು ಕೊಟ್ಟ ಪುಟ್ಟ ಗುಮ್ಮಟ. ಎದುರಿನ ಬೆಳಕಿನ ಆಕಾರವನ್ನು ಹಾಗೇ ಪ್ರತಿಫಲಿಸುತ್ತದೆ. ಬರಿಯ ಫ್ಲ್ಯಾಶ್ ಹೊಡೆದರೆ ಕೆಂಪು ಬೆನ್ನಿನ ನಡುವೆ ಸುಟ್ಟಂತೆ ಬಿಳಿಯ ಚುಕ್ಕೆ ಕೂರುತ್ತದೆ, ಸುತ್ತ ಕಪ್ಪು ನೆರಳು. ಅದೇ ಬೆಳಕನ್ನು ಒಂದು ಗೇಣಗಲದ ಟ್ರೇಸಿಂಗ್ ಪೇಪರ್ ಅಥವಾ ಬಿಳಿ ಪ್ಲಾಸ್ಟಿಕ್ ಹಾಳೆಯ ಮೂಲಕ ಹಾಯಿಸಿ, ಆ ಹಾಳೆಯನ್ನು ಹುಳದ ಹತ್ತಿರಕ್ಕೆ ಬಾಗಿಸಿ ಹಿಡಿದರೆ ಚುಕ್ಕೆ ಹರಡಿ ಮೃದುವಾದ ಹೊಳಪಾಗುತ್ತದೆ, ಕೆಂಪು ಬಣ್ಣವೂ ಕರಿಯ ಬೊಟ್ಟುಗಳೂ ಎದ್ದು ಕಾಣುತ್ತವೆ. ಹುಳದ ಲೆಕ್ಕದಲ್ಲಿ ಬೆಳಕಿನ ಮೂಲ ಎಷ್ಟು ದೊಡ್ಡದೋ ನೆರಳು ಅಷ್ಟು ಮೆದು. ಹಾಳೆ ಹಿಡಿಸಲು ಜಾಗ ಬೇಕಲ್ಲ, ಅಂತರದ ಪ್ರಶ್ನೆ ಮತ್ತೆ ಎದುರಾಗುವುದು ಇಲ್ಲಿ. ಮೂರೂವರೆ ಸೆಂಟಿಮೀಟರಿನ ಸಂದಿಗೆ ಯಾವ ಡಿಫ್ಯೂಸರನ್ನೂ ತೂರಿಸಲಾಗದು. 12 ಅಥವಾ 21 ಸೆಂಟಿಮೀಟರಿನಲ್ಲಿ ಮೇಲಿನಿಂದ, ಪಕ್ಕದಿಂದ, ಹೇಗೆ ಬೇಕಾದರೂ ಬೆಳಕು ಕೊಡಬಹುದು.

ಇದಕ್ಕೆ ಬರುವ ಮೊದಲ ಆಕ್ಷೇಪಣೆ ಗಂಭೀರವಾದದ್ದು: ಮ್ಯಾಕ್ರೋ ಲೆನ್ಸಿನ ಚಿತ್ರ ಮೂಲೆಯಿಂದ ಮೂಲೆಗೆ ಸ್ಪಷ್ಟ, ಝೂಮ್‌ನ ಮುಂದೆ ಗಾಜು ಸಿಕ್ಕಿಸಿದ್ದು ಹಾಗಲ್ಲ. ಮಾತು ನಿಜ. ಆದರೆ ಆ ಗುಣ ಯಾತಕ್ಕಾಗಿ ಬೆಳೆಯಿತು ಎಂದೂ ನೋಡಬೇಕು. ನಿಕಾನ್ 1956ರಲ್ಲಿ ತಂದ ಮೊದಲ ಮೈಕ್ರೋ-ನಿಕ್ಕೋರ್ ಲೆನ್ಸ್ ಜಪಾನಿ ಲಿಪಿಯ ದಟ್ಟ ಅಕ್ಷರಗಳಿದ್ದ ದಾಖಲೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸುವ ಅಗತ್ಯದಿಂದ ಹುಟ್ಟಿದ್ದು. ಚಪ್ಪಟೆಯಾದ ಪುಟದ ಮೂಲೆಯ ಅಕ್ಷರವೂ ನಡುವಿನ ಅಕ್ಷರದಷ್ಟೇ ಚೂಪಾಗಿರಬೇಕಾದ ಕೆಲಸ ಅದು. ಇಂದೂ ತಾಳೆಗರಿ, ಅಂಚೆಚೀಟಿ, ನಾಣ್ಯ, ಹಳೆಯ ನೆಗೆಟಿವ್‌ಗಳನ್ನು ನಕಲು ಮಾಡುವವರಿಗೆ ಮ್ಯಾಕ್ರೋ ಲೆನ್ಸೇ ಬೇಕು, ಅವರ ಮಟ್ಟಿಗೆ ನನ್ನ ವಾದ ನಿಲ್ಲುವುದಿಲ್ಲ. ಅವರಿಗೆ ಗಿಡ್ಡ ಲೆನ್ಸಾದರೂ ತೊಂದರೆಯಿಲ್ಲ, ತಾಳೆಗರಿ ಓಡಿಹೋಗುವುದಿಲ್ಲ. ಆದರೆ ಹುಳ ಚಪ್ಪಟೆಯಲ್ಲ. ಸ್ಪಷ್ಟವಾಗಿ ಕಾಣುವ ಆಳವೇ ಒಂದೆರಡು ಮಿಲಿಮೀಟರ್ ಇರುವಾಗ ಚೌಕಟ್ಟಿನ ಮೂಲೆಗಳಲ್ಲಿ ಇರುವುದು ಫೋಕಸ್ ತಪ್ಪಿದ ಹಸಿರು ಹಿನ್ನೆಲೆ ಮಾತ್ರ. ಅಲ್ಲಿನ ಚೂಪುತನಕ್ಕೆ ಕೊಟ್ಟ ಹಣ ಚಿತ್ರದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅಕ್ರೋಮ್ಯಾಟ್ ಗಾಜಿನ ನಡುಭಾಗ ಸಾಕಷ್ಟು ಚೂಪಾಗಿರುತ್ತದೆ, ಎಫ್11ರ ಆಸುಪಾಸಿನಲ್ಲಿ ಇನ್ನೂ ಸುಧಾರಿಸುತ್ತದೆ. ಅದಕ್ಕಿಂತ ತೀರ ಕಿರಿದು ಮಾಡಿದರೆ ಬೆಳಕಿನ ವಿವರ್ತನೆಯಿಂದ (ಡಿಫ್ರ್ಯಾಕ್ಷನ್) ಯಾವ ಲೆನ್ಸಿನ ಚಿತ್ರವೂ ಮೆತ್ತಗಾಗುತ್ತದೆ, ಲಕ್ಷದ ಲೆನ್ಸಿಗೂ ವಿನಾಯಿತಿಯಿಲ್ಲ.

ಕ್ಲೋಸ್‌ಅಪ್ ಲೆನ್ಸಿನ ಕೊರತೆಗಳನ್ನು ಮುಚ್ಚಿಟ್ಟು ವಾದ ಗೆಲ್ಲುವುದು ಸರಿಯಲ್ಲ. ಅದನ್ನು ಹಾಕಿದ ಮೇಲೆ ದೂರದ್ದು ಯಾವುದೂ ಫೋಕಸ್ ಆಗುವುದಿಲ್ಲ. ಕೆಲವೇ ಸೆಂಟಿಮೀಟರಿನ ವ್ಯಾಪ್ತಿಯಲ್ಲಿ ಕೆಲಸ ಮಾಡಬೇಕು, ಹಕ್ಕಿ ಬಂದರೆ ಕಳಚಿ ಇಡಬೇಕು. ಝೂಮ್ ಗಿಡ್ಡವಿರುವಾಗ ಚೌಕಟ್ಟಿನ ಮೂಲೆಗಳು ಕಪ್ಪಾಗುತ್ತವೆ. ಅದು ಬೆಳಕನ್ನು ನುಂಗುವುದಿಲ್ಲ ಎಂದು ಮಾರುವವರು ಹೇಳುವ ಮಾತು ನಿಜವಾದರೂ ಪೂರ್ತಿ ಲಾಭವಲ್ಲ: ಅಷ್ಟೇ ಆಳದ ಸ್ಪಷ್ಟತೆ ಬೇಕಾದರೆ ಅಪರ್ಚರನ್ನು ಇನ್ನಷ್ಟು ಕಿರಿದು ಮಾಡಬೇಕಾಗುವುದರಿಂದ ಕೊನೆಗೆ ಬೆಳಕಿನ ಲೆಕ್ಕ ಹೆಚ್ಚುಕಡಿಮೆ ಸಮವಾಗುತ್ತದೆ. ಫ್ಲ್ಯಾಶ್ ಬೇಕೆಂಬ ಮಾತು ಇದರಿಂದ ಗಟ್ಟಿಯಾಗುತ್ತದೆಯೇ ವಿನಾ ಸಡಿಲವಾಗುವುದಿಲ್ಲ.

ಒಮ್ಮೆಲೇ ಒಳ್ಳೆಯದನ್ನು ಕೊಂಡುಬಿಟ್ಟರೆ ಎರಡು ಸಲ ಖರ್ಚು ಮಾಡುವುದು ತಪ್ಪುತ್ತದಲ್ಲ ಎಂಬ ಮಾತೂ ಇದೆ. ಇಲ್ಲಿ ಎರಡು ಸಲದ ಖರ್ಚೇ ಇಲ್ಲ. ಮುಂದೆ 100 ಮಿ.ಮೀ. ಮ್ಯಾಕ್ರೋ ಕೊಂಡರೆ ಅದರ ಮುಂದೆಯೂ ಇದೇ ಗಾಜನ್ನು ಹಾಕಿ 1:1 ಮೀರಿ ಹೋಗಬಹುದು. ಫ್ಲ್ಯಾಶ್, ಡಿಫ್ಯೂಸರುಗಳಂತೂ ಯಾವ ಲೆನ್ಸಿಗೂ ಬೇಕು. ಇನ್ನು 60 ಮಿ.ಮೀ.ನ ಆಸುಪಾಸಿನ, ಕೈಯಿಂದಲೇ ಫೋಕಸ್ ಮಾಡುವ ಚೀನಾದ ಅಗ್ಗದ ಮ್ಯಾಕ್ರೋ ಲೆನ್ಸುಗಳು ಬಂದಿವೆಯಲ್ಲ ಎನ್ನುವವರಿಗೆ ಆಟೋಫೋಕಸ್ ಇಲ್ಲವೆಂಬ ಕಾರಣ ಕೊಟ್ಟು ನಾನು ಬೇಡವೆನ್ನುವುದಿಲ್ಲ. 1:1ರಲ್ಲಿ ಪಳಗಿದವರೂ ಆಟೋಫೋಕಸ್ ಆರಿಸಿ, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ತೂಗುತ್ತ ಕ್ಲಿಕ್ಕಿಸುತ್ತಾರೆ. ಟೆಲಿ ಝೂಮ್ ಇಲ್ಲದವರಿಗೆ, ಮಿರರ್‌ಲೆಸ್ ಕ್ಯಾಮೆರಾ ಒಂದೇ ಗಿಡ್ಡ ಲೆನ್ಸಿನೊಡನೆ ಇರುವವರಿಗೆ ಅದು ನ್ಯಾಯವಾದ ಆಯ್ಕೆ. ಅಂತರದಲ್ಲಿ ರಾಜಿ ಮಾಡಿಕೊಳ್ಳುತ್ತಿದ್ದೇವೆಂದು ತಿಳಿದು ಕೊಂಡರೆ ಸಾಕು. ಹಾಗೆಯೇ ಚಿಟ್ಟೆಗಳೇ ಮುಖ್ಯವಾದವರು ಸಿಗ್ಮಾ, ಟ್ಯಾಮ್ರಾನ್‌ಗಳ ಹಳೆಯ 70-300 ಮ್ಯಾಕ್ರೋ ಝೂಮ್‌ಗಳನ್ನು ನೋಡಬಹುದು. ಅವು 300ರಲ್ಲಿ ಸುಮಾರು ಒಂದು ಮೀಟರ್ ದೂರದಿಂದಲೇ 1:2 ಕೊಡುತ್ತವೆ. ಆದರೆ ಝೂಮ್‌ಗಳ ಮೇಲೆ ಬರೆದ ಮ್ಯಾಕ್ರೋ ಎಂಬ ಪದವನ್ನು ನಂಬಬಾರದು. 1:4 ಮಾತ್ರ ಕೊಡುವ ಲೆನ್ಸುಗಳ ಮೇಲೂ ಅದೇ ಪದ ಇರುತ್ತದೆ. ಪ್ರಮಾಣದ ಸಂಖ್ಯೆಯನ್ನು ಕೇಳಿ ಪಡೆಯಬೇಕು.

ಮೊಬೈಲೇ ಸಾಕಲ್ಲ ಎಂಬುದು ಈಚಿನ ಆಕ್ಷೇಪಣೆ. 2021ರ ಐಫೋನ್ 13 ಪ್ರೋ ಎರಡು ಸೆಂ.ಮೀ. ಹತ್ತಿರಕ್ಕೆ ಫೋಕಸ್ ಮಾಡುತ್ತದೆ, ಹೂವಿನ ಚಿತ್ರಕ್ಕೆ ಬಹಳ ಚೆನ್ನ. ಅಗ್ಗದ ಮೊಬೈಲುಗಳಲ್ಲಿ ಲೆಕ್ಕಕ್ಕೆಂದು ಇಟ್ಟ 2 ಮೆಗಾಪಿಕ್ಸೆಲ್ ಮ್ಯಾಕ್ರೋ ಕ್ಯಾಮೆರಾಗಳಿಂದ ಅಷ್ಟು ನಿರೀಕ್ಷಿಸಲಾಗದು. ಎರಡರಲ್ಲೂ ತೊಡಕು ಮತ್ತೆ ಅಂತರದ್ದೇ: ಎರಡು ಸೆಂಟಿಮೀಟರಿಗೆ ಬಂದ ಮೊಬೈಲು ಬೆಳಕನ್ನೆಲ್ಲ ತಾನೇ ಮುಚ್ಚಿಬಿಡುತ್ತದೆ. ಫ್ಲ್ಯಾಶ್ ಹುಳಕ್ಕೆ ತೊಂದರೆ ಕೊಡುವುದಿಲ್ಲವೇ, ಚಿತ್ರ ಕೃತಕವಾಗುವುದಿಲ್ಲವೇ ಎಂದು ಕೇಳುವವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ನಿಶಾಚರಿ ಕಪ್ಪೆಗಳ ಕಣ್ಣಿಗೆ ಮೇಲಿಂದ ಮೇಲೆ ಬೆಳಕು ಹೊಡೆಯದಿರುವುದು, ಕೆಲವು ಚಿತ್ರಗಳಾದ ಮೇಲೆ ಎದ್ದುಬರುವುದು ಒಳ್ಳೆಯ ಪದ್ಧತಿ. ಆದರೆ ಹುಳವನ್ನು ಹಿಡಿದು ಬಿಸಿಲಿಗೆ ಒಯ್ಯುವುದಕ್ಕಿಂತ, ಅದು ಕೂತ ಎಲೆಯನ್ನು ಕಿತ್ತು ತರುವುದಕ್ಕಿಂತ, ಒಂದು ಗೇಣು ದೂರದಿಂದ ಮೃದುವಾದ ಬೆಳಕನ್ನು ಕ್ಷಣಮಾತ್ರ ಬೀರುವುದು ಎಷ್ಟೋ ಕಡಿಮೆ ಉಪದ್ರವ. ಬೆಳಗಿನ ತಂಪಿನಲ್ಲಿ ಹುಳಗಳಿನ್ನೂ ಚುರುಕಾಗಿಲ್ಲದಾಗ ಹೋದರೆ ಹಗಲ ಬೆಳಕಿನಲ್ಲೇ ನಿಧಾನವಾಗಿ ತೆಗೆಯಲೂ ಆಗುತ್ತದೆ.

ಇಷ್ಟೆಲ್ಲ ಆದ ಮೇಲೆ ಮ್ಯಾಕ್ರೋ ಲೆನ್ಸ್ ಕೊಳ್ಳುವ ಕಾಲ ಬರಬಹುದು. ಗಾಜನ್ನು ಹಾಕಿ ತೆಗೆಯುವ ಕಿರಿಕಿರಿಯಿಂದ ಚಿತ್ರಗಳು ತಪ್ಪುತ್ತಿವೆ ಎನಿಸಿದಾಗ, ಬೇರೆ ಬೇರೆ ಫೋಕಸ್‌ನಲ್ಲಿ ತೆಗೆದ ಹಲವು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದಾಗಿಸುವ ಕೆಲಸಕ್ಕೆ ಇಳಿದಾಗ, ತೆಗೆದ ಚಿತ್ರಗಳಲ್ಲಿ ಹೆಚ್ಚಿನವು 1:2 ದಾಟಿವೆ ಎಂದು ಕಂಡಾಗ ಅದಕ್ಕೆ ಹಣ ಹಾಕುವುದು ಸರಿ. ಆಗ 90ರಿಂದ 105 ಮಿ.ಮೀ.ಗಳ ನಡುವಿನದನ್ನೇ ನೋಡಬೇಕು, ಹೊಸ ಗಿಡ್ಡ ಮ್ಯಾಕ್ರೋಗಿಂತ ಹಳೆಯ ಉದ್ದ ಮ್ಯಾಕ್ರೋ ಮೇಲು. ಟ್ಯಾಮ್ರಾನ್ 90, ಟೋಕಿನಾ 100, ಕ್ಯಾನನ್ 100, ಸಿಗ್ಮಾ 105 ಇವುಗಳ ಹಿಂದಿನ ತಲೆಮಾರಿನ ಲೆನ್ಸುಗಳು ಬಳಸಿದ ಮಾಲಾಗಿ ಸಿಗುತ್ತಿರುತ್ತವೆ, ಮತ್ತು ಅವುಗಳಲ್ಲಿ ಸ್ಪಷ್ಟತೆಗೆ ಕೊರತೆಯಿಲ್ಲ. ಬಳಸಿದ ಲೆನ್ಸ್ ಕೊಳ್ಳುವಾಗ, ಅದರಲ್ಲೂ ಅದು ಮಲೆನಾಡಿನಲ್ಲೋ ಕರಾವಳಿಯಲ್ಲೋ ಮಳೆಗಾಲಗಳನ್ನು ಕಳೆದದ್ದಾಗಿದ್ದರೆ, ಮೊದಲು ನೋಡಬೇಕಾದದ್ದು ಫಂಗಸ್. ಎರಡೂ ಮುಚ್ಚಳ ತೆಗೆದು, ಅಪರ್ಚರ್ ಪೂರ್ತಿ ತೆರೆದಿಟ್ಟು, ಹಿಂಬದಿಯಿಂದ ಟಾರ್ಚ್ ಬಿಟ್ಟು ಓರೆಯಾಗಿ ಇಣುಕಿದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂಥ ಬಿಳಿ ಎಳೆಗಳು ಕಾಣುತ್ತವೆ. ಒಂದೆರಡು ದೂಳಿನ ಕಣಗಳಿಂದ ಚಿತ್ರಕ್ಕೆ ಏನೂ ಆಗುವುದಿಲ್ಲ, ಆ ಎಳೆಗಳು ಮಾತ್ರ ಬೆಳೆಯುತ್ತ ಹೋಗುತ್ತವೆ. ಅಂಥದ್ದನ್ನು ಯಾವ ಬೆಲೆಗೂ ಕೊಳ್ಳಬಾರದು. ಎಳೆಗಳಿಲ್ಲದ್ದನ್ನು ಕೊಂಡವರೂ ಅಕ್ಕಿ ಡಬ್ಬಿಯಂಥ ಗಾಳಿಯಾಡದ ಡಬ್ಬಿಯೊಂದರಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಅದನ್ನು ಇಡಬೇಕು, ಪೊಟ್ಟಣವನ್ನು ಆಗಾಗ ಬದಲಿಸಬೇಕು.